ತಂಗಿ, ಒಂದನ್ನೂ ಮಾರಬೇಡ, ಮೊದಲು ಶ್ರುತಿ ಸೇರಿಸು

ತಂಗಿ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಕೆಲಸವೆಲ್ಲ ಮುಗಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಕೇಳು. ಗ್ರೂಪಿನಲ್ಲೇ ಹೇಳುತ್ತೇನೆ. ತಪ್ಪಿದ್ದರೆ ಕಾಕಾ ತಿದ್ದಲಿ.

ನೀನು ಕೇಳಿದ್ದು ಇಷ್ಟು, ಅಲ್ವಾ? ಮಗಳಿಗೆ ತಬಲಾ ಬಂತು, ಮಗನಿಗೆ ಕೀಬೋರ್ಡ್ ಬಂತು, ನಿಮ್ಮ ಯಜಮಾನರು ಕಾಲೇಜು ದಿನದ ಗಿಟಾರನ್ನ ಅಟ್ಟದಿಂದ ಇಳಿಸಿದ್ದಾರೆ. ನಿನ್ನ ಅತ್ತೆಯವರ ಭಜನೆ ಬೇರೆ. ಯಾರೂ ಕಛೇರಿ ಕೊಡುವವರಲ್ಲ, ಎಲ್ಲರದೂ ಅರ್ಧಂಬರ್ಧ. ಸಂಜೆ ಆದರೆ ತಲೆ ಚಿಟ್ಟು ಹಿಡಿಯುತ್ತೆ. ಮುಂದಿನ ತಿಂಗಳು ಮನೆ ಬದಲಿಸುವಾಗ ಒಂದನ್ನ ಇಟ್ಟುಕೊಂಡು ಉಳಿದದ್ದು ಮಾರಿಬಿಡಲಾ, ಗದಗಿನ ಮನೆಯಲ್ಲಿ ನೀವೆಲ್ಲ ಹೇಗೆ ಇದ್ದಿರಿ ಅಕ್ಕಾ, ಅಂತ.

ಮಾರಬೇಡ ತಂಗಿ. ನಿನಗೆ ತಲೆ ಚಿಟ್ಟು ಹಿಡಿಯುತ್ತಿರುವುದು ವಾದ್ಯ ಜಾಸ್ತಿ ಆಗಿದ್ದಕ್ಕಲ್ಲ. ನಾಲ್ಕೂ ನಾಲ್ಕು ಶ್ರುತಿಯಲ್ಲಿವೆ, ಅಂದರೆ ಒಂದೊಂದರ ಆಧಾರ ಸ್ವರ ಒಂದೊಂದು, ಅದಕ್ಕೆ.

ನೀನು ಗದಗಿಗೆ ಬರುತ್ತಿದ್ದದ್ದು ಬೇಸಿಗೆ ರಜೆಗೆ ಮಾತ್ರ. ಪಡಸಾಲೆಯಲ್ಲಿ ಅಜ್ಜನ ಪೇಟಿ (ಹಾರ್ಮೋನಿಯಂ), ಗೂಡಿನ ಕೆಳಗೆ ಅಪ್ಪನ ತಬಲಾ, ಕಂಬಕ್ಕೆ ನೇತುಬಿಟ್ಟ ತಾಳ, ಮೂಲೆಯಲ್ಲಿ ತಂಬೂರಿ, ಕಾಕಾನ ಕೊಳಲು, ಅತ್ತೆಯ ಪಿಟೀಲು ಎಲ್ಲ ನೋಡಿದ್ದೀಯ. ಮೊದಲು ಹೇಗಿತ್ತು ಅನ್ನೋದು ನಿನಗೆ ಗೊತ್ತಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯೂ ಹೀಗೇ ಇತ್ತು. ಕಾಕಾನ ಕೊಳಲು ಒಂದು ಕಡೆ, ಅತ್ತೆಯ ಪಿಟೀಲು ಒಂದು ಕಡೆ. ಅಪ್ಪ ಬಾಗಿಲು ಹಾಕಿಕೊಂಡು ತಬಲಾದ ಕಾಯಿದೆ, ಅಂದರೆ ಅಭ್ಯಾಸದ ಬೋಲು, ಬಾರಿಸುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಕಿವಿಗೆ ಸೆರಗು ಮುಚ್ಚಿಕೊಂಡದ್ದು ನಾನೇ ನೋಡಿದ್ದೇನೆ.

ಆಮೇಲೆ ಅಜ್ಜ ಒಂದು ಮಾತು ಕಟ್ಟು ಮಾಡಿದರು. ಈ ಮನೆಗೆ ಒಂದೇ ಶ್ರುತಿ, ಕರಿ ಎರಡು. ಪೇಟಿಯಲ್ಲಿ ಎರಡನೇ ಕಪ್ಪು ಮನೆಯೇ, ಅಂದರೆ ಬೆರಳಲ್ಲಿ ಒತ್ತುವ ಎರಡನೇ ಕಪ್ಪು ಪಟ್ಟಿಯೇ, ನಮ್ಮ ಸ. ತಬಲಾ ಅದಕ್ಕೇ ಕಟ್ಟಬೇಕು. ಪಿಟೀಲು ಅದಕ್ಕೇ ಸೇರಬೇಕು. ಕೊಳಲನ್ನ ಹಾಗೆ ತಿರುವಿ ಏರಿಸಿ ಇಳಿಸಲಿಕ್ಕೆ ಬರುವುದಿಲ್ಲ, ಒಂದು ಕೊಳಲಿಗೆ ಒಂದೇ ಶ್ರುತಿ. ಅದಕ್ಕೆ ಕಾಕಾ ಆ ಶ್ರುತಿಯದ್ದೇ ಬೇರೆ ಕೊಳಲು ತಂದರು. ಅವ್ವ, ಅತ್ತೆ ಹಾಡುವಾಗ ಕರಿ ಎರಡು ಅವರ ಗಂಟಲಿಗೆ ಕೂಡುತ್ತಿರಲಿಲ್ಲ. ಆಗ ಅಜ್ಜ ಅದರ ಮಧ್ಯಮವನ್ನೇ ಸ ಮಾಡಿಕೊಳ್ಳುತ್ತಿದ್ದರು, ಅಂದರೆ ಕರಿ ನಾಲ್ಕು. ತಬಲಾ ತಾನಾಗಿ ಪಂಚಮಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಕಟ್ಟುವ ತಾಪತ್ರಯವೇ ಇಲ್ಲ. ಎಷ್ಟು ಚಂದದ ಉಪಾಯ ನೋಡು.

ಅವತ್ತಿನಿಂದ ಒಬ್ಬರು ಒಳಗೆ ಬಾರಿಸುತ್ತಿದ್ದರೆ ಇನ್ನೊಬ್ಬರು ಹೊರಗೆ ಗುನುಗುವಂತಾಯಿತು. ನಾನು ಲೆಕ್ಕ ಬಿಡಿಸುತ್ತಾ ಕೂತಿದ್ದರೂ ಆ ಸ ಕಿವಿಯಲ್ಲೇ ಇರುತ್ತಿತ್ತು. ಈಗಲೂ ಪೇಟಿ ಇಲ್ಲದೆ ಕರಿ ಎರಡು ಹೇಳು ಅಂದರೆ ಹೇಳುತ್ತೇನೆ. ಯಾರೂ ಕೂರಿಸಿ ಕಲಿಸಿದ್ದಲ್ಲ ಅದು.

ನಿನ್ನ ಮನೆಯಲ್ಲಿ ಇದು ಇನ್ನೂ ಸುಲಭ. ಮೊದಲು ತಬಲಾ ಯಾವ ಸ್ವರಕ್ಕಿದೆ ನೋಡು. ತಬಲಾವನ್ನ ತೀರಾ ಮೇಲೆ ಕೆಳಗೆ ಎಳೆದಾಡಬಾರದು. ಬಾಯಿ ಸಣ್ಣದಿದ್ದಷ್ಟೂ ಸ್ವರ ಮೇಲೆ, ದೊಡ್ಡದಿದ್ದಷ್ಟೂ ತಗ್ಗು. ಅದಕ್ಕೆ ಒಪ್ಪುವ ಜಾಗ ಅದಕ್ಕಿರುತ್ತೆ. ಉಳಿದವರು ಅದರ ಹತ್ತಿರ ಬರಲಿ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಗುಂಡಿ ಇದೆ, ನಿನ್ನ ಮಗ ಬಿಳಿ ಒಂದರಿಂದ ಬಾರಿಸಿದರೂ ತಬಲಾದ ಸ್ವರವೇ ಕೇಳುವ ಹಾಗೆ ಮಾಡಬಹುದು. ಗಿಟಾರಿಗೆ ಕ್ಯಾಪೊ, ಅದೇ ತಂತಿಗಳನ್ನ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದರಾಯಿತು.

ತಬಲಾ ಕಟ್ಟುವುದನ್ನ ಮಗಳು ಈಗಿನಿಂದಲೇ ನೋಡಲಿ, ಗುರುಗಳು ಮಾಡಿಕೊಡಲಿ ಅಂತ ಕಾಯುವುದು ಬೇಡ. ಅಪ್ಪ ಕಟ್ಟುವುದು ನನ್ನ ಕಣ್ಣ ಮುಂದೆ ಇನ್ನೂ ಇದೆ. ಸಿಂಬಿಯ ಮೇಲೆ ತಬಲಾ ಇಟ್ಟು, ಮೊದಲು ಸುಮ್ನೆ ಒಂದು ಪೆಟ್ಟು. ಅಜ್ಜ ಆ ಕಡೆ ಸ ಒತ್ತಿ ಹಿಡಿದಿರುತ್ತಿದ್ದರು. ಸ್ವರ ತೀರಾ ಕೆಳಗಿದ್ದರೆ ಗಟ್ಟಾಗಳ (ಪಕ್ಕದ ಮರದ ತುಂಡುಗಳ) ಮೇಲೆ ಸುತ್ತಿಗೆ, ಅವು ಕೆಳಗೆ ಸರಿದ ಹಾಗೆ ಬಾದಿ (ಚರ್ಮದ ಪಟ್ಟಿ) ಬಿಗಿಯಾಗಿ ಸ್ವರ ಏರುತ್ತೆ. ಆಮೇಲೆ ಸೂಕ್ಷ್ಮದ ಕೆಲಸ. ಸುತ್ತಲ ಹೆಣಿಕೆಯಲ್ಲಿ ಹದಿನಾರು ಮನೆ, ಅಂದರೆ ಬಾದಿಗಳ ನಡುವಿನ ಜಾಗ. ಒಂದು ಮನೆ ಬಡಿದರೆ ಅದರ ಎದುರಿನದ್ದು, ಅದಾದ ಮೇಲೆ ಅಡ್ಡ ಎರಡು. ಬೆರಳಿನಿಂದ ಅಂಚನ್ನ ತಟ್ಟುತ್ತಾ ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲ ಮನೆಯೂ ಒಂದೇ ನುಡಿದ ಗಳಿಗೆಗೆ ಪೇಟಿಯ ಸ್ವರದೊಳಗೆ ತಬಲಾ ಕರಗಿಹೋಗುತ್ತಿತ್ತು, ಎರಡು ಸದ್ದು ಅಂತ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ತಲೆ ಎತ್ತಿ ಅಜ್ಜನ ಮುಖ ನೋಡುತ್ತಿದ್ದರು. ಅವರಿಬ್ಬರೂ ಬೇರೆ ಹೊತ್ತಿನಲ್ಲಿ ಜಾಸ್ತಿ ಮಾತಾಡಿದವರಲ್ಲ.

ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಸ್ವರ ಇಳಿಯುತ್ತೆ, ಬೇಸಿಗೆಯಲ್ಲಿ ಏರುತ್ತೆ. ಅದಕ್ಕೆ ಹೆದರಬೇಡ. ಆದರೆ ಚರ್ಮದ ಮಧ್ಯದ ಕಪ್ಪು ಲೇಪಕ್ಕೆ, ಅದೇ ಶಾಯಿಗೆ, ನೀರು ತಾಗಬಾರದು. ನಮ್ಮ ತಮ್ಮ ಚಿಕ್ಕವನಿದ್ದಾಗ ಒರೆಸುತ್ತೇನೆ ಅಂತ ಒದ್ದೆ ಬಟ್ಟೆ ತಂದು ತಿಕ್ಕಿದ. ನಾಲ್ಕು ದಿನಕ್ಕೆ ಪದರ ಏಳಲು ಶುರುವಾಯಿತು, ಶಾಯಿ ಉದುರಿತು. ಅಪ್ಪ ಬಯ್ಯಲಿಲ್ಲ, ಹೊಸ ಪುಡಿ (ತಬಲಾದ ಬಾಯಿಗೆ ಬಿಗಿಯುವ ಚರ್ಮ) ಹಾಕಿಸಲಿಕ್ಕೆ ಅವನನ್ನೇ ಜೊತೆಗೆ ಕರೆದುಕೊಂಡು ಹೋದರು. ಹಳೆಯ ಚರ್ಮ ಬಿಚ್ಚಿ ಹೊಸ ಪುಡಿ ಬಿಗಿಯುವುದನ್ನ ಅವನು ಪೂರ್ತಿ ನಿಂತು ನೋಡಿದ. ಈಗ ಮನೆಯಲ್ಲಿ ತಬಲಾ ಬಾರಿಸುವವನು ಅವನೇ, ಗೊತ್ತಲ್ಲ.

ಇನ್ನೊಂದು ವಿಷಯ. ಮಗಳಿಗೆ ಹಾಡೂ ಕಲಿಸಬೇಕು, ಕೀಬೋರ್ಡ್ ಹಿಡಿದುಕೊಂಡು ಹಾಡಿದರೆ ಸಾಕಾ ಅಂದಿದ್ದೀಯ. ಸ್ವರ ಗುರುತು ಹಿಡಿಯಲಿಕ್ಕೆ ಸರಿ. ಆದರೆ ಹಾಡುವುದು ತಂಬೂರಿಯ ಜೊತೆಗೇ ಆಗಲಿ, ಫೋನಿನ ತಂಬೂರಿ ಆದರೂ ಪರವಾಗಿಲ್ಲ. ಇದು ಪೇಟಿ ಬಾರಿಸುತ್ತಿದ್ದ ಅಜ್ಜನೇ ನನಗೆ ಹೇಳಿದ್ದು. ಪೇಟಿಯ ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲಿಕ್ಕೆ ಬರುವುದಿಲ್ಲ, ಗಂಟಲು ಜಾರುತ್ತೆ. ಇದೇ ಕಾರಣ ಕೊಟ್ಟು ಆಕಾಶವಾಣಿ 1940ರಲ್ಲಿ ಪೇಟಿಯನ್ನ ಹೊರಗಿಟ್ಟಿತ್ತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ರೇಡಿಯೋ ಹಚ್ಚಿದಾಗಲೆಲ್ಲ ತಮ್ಮ ವಾದ್ಯವೊಂದು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತಿದ್ದ ಕಾಲವನ್ನ ಅಜ್ಜ ಅಷ್ಟು ವರ್ಷ ಬದುಕಿದರು. ಅವರಿಗೆ ನೋವಿತ್ತು. ಆದರೂ ಹಾಡುವ ಮಕ್ಕಳಿಗೆ ತಂಬೂರಿಯನ್ನೇ ಕೊಟ್ಟರು. ಅದಕ್ಕೇ ಅವರ ಮಾತನ್ನ ನಾನು ಅಷ್ಟು ನಂಬುವುದು.

ಅಜ್ಜ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಕೂತು ಕೇಳಿ ಬರುತ್ತಿದ್ದರು. ಕಣ್ಣು ಕಾಣದ ಮಕ್ಕಳು ಅಲ್ಲಿ ಹಾಡು, ವಾದ್ಯ ಕಲಿಯುತ್ತಾರೆ. ಪುಟ್ಟರಾಜ ಗವಾಯಿಗಳು ತಾವೇ ಕಣ್ಣಿಲ್ಲದೆ ಪೇಟಿ, ತಬಲಾ, ಸಾರಂಗಿ, ಪಿಟೀಲು ಎಲ್ಲ ಬಾರಿಸುತ್ತಿದ್ದವರು. ಅಲ್ಲಿಂದ ಬಂದ ಅಜ್ಜ ವಾದ್ಯವನ್ನ ಬೀರುವಿನಲ್ಲಿ ಇಡಲಿಕ್ಕೆ ಬಿಡುತ್ತಿರಲಿಲ್ಲ. ಕೈ ಚಾಚಿದರೆ ಸಿಗಬೇಕು ಅನ್ನುತ್ತಿದ್ದರು. ಅತ್ತೆ ನಲವತ್ತು ದಾಟಿದ ಮೇಲೆ ಪಿಟೀಲು ಹಿಡಿದದ್ದು ಅದು ಗೋಡೆಯ ಮೇಲೆ ಕಣ್ಣಿಗೆ ಬೀಳುತ್ತಿದ್ದದ್ದಕ್ಕೇ. ಹದಿನೈದು ವರ್ಷ ಬಾರಿಸಿದರು. ವೇದಿಕೆ ಹತ್ತಲಿಲ್ಲ. ಮಾವ ತೀರಿಕೊಂಡ ವರ್ಷ ದಿನಾ ಸಂಜೆ ಒಂದೇ ಭೈರವಿ ಬಾರಿಸುತ್ತಿದ್ದರು. ಪಡಸಾಲೆಯಲ್ಲಿ ಯಾರಾದರೊಬ್ಬರು ಸುಮ್ಮನೆ ಹೋಗಿ ಜೊತೆಗೆ ಕೂರುತ್ತಿದ್ದೆವು. ಆ ಪಿಟೀಲು ಯಾರಿಗೋ ಮಾರಿಹೋಗಿದ್ದರೆ ಅತ್ತೆ ಆ ವರ್ಷ ಹೇಗೆ ಕಳೆಯುತ್ತಿದ್ದರು ಅಂತ ನನಗೆ ಯೋಚನೆ ಬರುತ್ತೆ ತಂಗಿ.

ಫ್ಲ್ಯಾಟಿನಲ್ಲಿ ಕೆಳಗಿನ ಮನೆಯವರ ಚಿಂತೆ ಇದ್ದೇ ಇರುತ್ತೆ, ಸರಿ. ತಬಲಾ, ಎಡಗೈಯ ಡಗ್ಗಾ ಕೆಳಗೆ ದಪ್ಪ ಜಮಖಾನೆ ಹಾಸು. ನನ್ನ ಹತ್ತಿರ ನವಲಗುಂದದ್ದು ಒಂದು ಇದೆ, ಕಳಿಸುತ್ತೇನೆ. ರಾತ್ರಿ ಎಂಟೂವರೆಗೆ ಎಲ್ಲ ಬಂದ್. ಒಮ್ಮೆ ಕೆಳಗಿನವರನ್ನ ಚಹಾಕ್ಕೆ ಕರೆದು ಮಕ್ಕಳು ಕಲಿಯುತ್ತಿದ್ದಾರೆ ಅಂತ ನೀನೇ ಹೇಳಿಬಿಡು.

ಸಾಮಾನು ಸಾಗಿಸುವಾಗ ಮಾತ್ರ ಹುಷಾರು. ನಾವು ಹುಬ್ಬಳ್ಳಿಗೆ ಬರುವಾಗ ತಂಬೂರಿಯನ್ನ ಲಾರಿಯವರ ಕೈಗೆ ಕೊಟ್ಟೆವು. ಎಷ್ಟು ಹೇಳಿದರೂ ಅದರ ಮೇಲೆ ಪಾತ್ರೆ ಚೀಲ ಇಟ್ಟರು. ಇಳಿಸಿ ನೋಡಿದರೆ ಬುರುಡೆ ಬಿರುಕು ಬಿಟ್ಟಿತ್ತು. ಅದು ಒಣಗಿಸಿದ ಸೋರೆ ಬುರುಡೆ, ಎಷ್ಟು ಭಾರ ತಾಳೀತು? ಕೊನೆಗೆ ಮಿರಜಿಗೆ ಒಯ್ದು ರಿಪೇರಿ ಮಾಡಿಸಿದೆವು. ನೀನು ಗಿಟಾರಿನ ತಂತಿ ಸ್ವಲ್ಪ ಸಡಿಲ ಮಾಡಿ ಕಾರಿನಲ್ಲೇ ಒಯ್ಯಿ. ತಬಲಾ ನಿನ್ನ ತೊಡೆಯ ಮೇಲೆ ಇರಲಿ.

ಇವತ್ತು ಸಂಜೆ ಒಂದು ಕೆಲಸ ಮಾಡು. ಮಗಳಿಗೆ ತಬಲಾದ ಅಂಚಿನ ಮೇಲೆ ನಿಧಾನ ನಾಲ್ಕು ಪೆಟ್ಟು ಬಾರಿಸಲಿಕ್ಕೆ ಹೇಳಿ ರೆಕಾರ್ಡ್ ಮಾಡಿ ಕಳಿಸು. ಫ್ಯಾನ್ ಬಂದ್ ಮಾಡು. ಅಜ್ಜನ ಪೇಟಿ ಇಲ್ಲೇ ಇದೆ, ಮೊನ್ನೆಯಷ್ಟೇ ಧೂಳು ತೆಗೆದಿದ್ದೇನೆ. ಯಾವ ಸ್ವರಕ್ಕಿದೆ ಅಂತ ಒತ್ತಿ ನೋಡಿ ರಾತ್ರಿಯೇ ಹೇಳುತ್ತೇನೆ.