ಭಾನುವಾರದ ಪ್ರಶ್ನೋತ್ತರ: ಟಚ್‌ಪ್ಯಾಡ್, ಮೌಸ್ ಕೈಕೊಟ್ಟಾಗ

ರಿಪೇರಿಯವರು: ಎಲ್ಲರಿಗೂ ನಮಸ್ಕಾರ. ಇವತ್ತು ಟಚ್‌ಪ್ಯಾಡ್, ಮೌಸ್ ತೊಂದರೆ ಮಾತ್ರ ಕೇಳಿ. ಲ್ಯಾಪ್‌ಟಾಪ್ ಎಷ್ಟು ವರ್ಷದ್ದು, ತೊಂದರೆ ಯಾವಾಗಿನಿಂದ ಅಂತ ಬರೆಯಿರಿ. ಅದಿಲ್ಲದೆ ನನಗೆ ಏನೂ ಹೇಳಲು ಆಗುವುದಿಲ್ಲ.

ತುಮಕೂರಿನ ವಿದ್ಯಾರ್ಥಿ: ಸರ್, ಒಂದು ವರ್ಷದ ಲ್ಯಾಪ್‌ಟಾಪ್. ಬೆಳಗ್ಗೆಯಿಂದ ಟಚ್‌ಪ್ಯಾಡ್ ಸತ್ತೇ ಹೋಗಿದೆ. ಮೌಸ್ ಹಾಕಿದರೆ ನಡೆಯುತ್ತದೆ.

ರಿಪೇರಿಯವರು: ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಟಚ್‌ಪ್ಯಾಡ್ ಚಿತ್ರ ಇರುವ ಕೀ ಇದೆಯಾ ನೋಡಿ. ಎಫ್‌ಎನ್ (Fn) ಕೀ ಹಿಡಿದುಕೊಂಡು ಅದನ್ನು ಒಮ್ಮೆ ಒತ್ತಿ. ಗೊತ್ತಿಲ್ಲದೆ ಕೈ ತಾಗಿ ಆಫ್ ಆಗಿರುವುದೇ ಜಾಸ್ತಿ. ಆಗದಿದ್ದರೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್ ತೆರೆದು ಟಚ್‌ಪ್ಯಾಡ್ ಆನ್ ಮಾಡಿ. ಮೌಸ್ ಸಿಕ್ಕಿಸಿದಾಗ ಟಚ್‌ಪ್ಯಾಡ್ ಆಫ್ ಆಗುವ ಆಯ್ಕೆಯೂ ಅಲ್ಲೇ ಇದೆ, ಅದನ್ನೂ ನೋಡಿ.

ತುಮಕೂರಿನ ವಿದ್ಯಾರ್ಥಿ: ಕೀ ಒತ್ತಿದೆ, ಬಂತು ಸರ್! ಥ್ಯಾಂಕ್ಸ್.

ದಾವಣಗೆರೆಯವರು: ನನ್ನದೂ ಕೆಲಸ ಮಾಡುತ್ತಿಲ್ಲ. ಏನು ಮಾಡಲಿ?

ರಿಪೇರಿಯವರು: ಮೇಲಿನ ಉತ್ತರ ನೋಡಿ.

ಹಾಸನದ ಟೀಚರ್: ಸರ್, ಮಗಳ ಲ್ಯಾಪ್‌ಟಾಪ್ ನಾಲ್ಕು ವರ್ಷದ್ದು. ಕರ್ಸರ್ ಓಡುತ್ತದೆ, ಆದರೆ ಟಚ್‌ಪ್ಯಾಡ್ ಒತ್ತಿದರೆ ಒಳಗೆ ಹೋಗುವುದೇ ಇಲ್ಲ. ಮೊದಲು ಟಕ್ ಅಂತಿತ್ತು, ಈಗ ಶಬ್ದವೂ ಇಲ್ಲ. ಎಡಗಡೆ ಅಂಚು ಸ್ವಲ್ಪ ಎದ್ದ ಹಾಗಿದೆ. ಅಂಟು ಬಿಟ್ಟಿರುತ್ತದೆ, ಭಾರ ಇಟ್ಟರೆ ಕೂತುಕೊಳ್ಳುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಎರಡು ರಾತ್ರಿ ದಪ್ಪ ನಿಘಂಟು ಇಟ್ಟಿದ್ದೆ. ಏನೂ ಪ್ರಯೋಜನ ಆಗಿಲ್ಲ.

ರಿಪೇರಿಯವರು: ಮೇಡಂ, ನಿಘಂಟು ಈಗಲೇ ತೆಗೆಯಿರಿ. ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ. ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್. ಮಾಡಿದ ಮೇಲೆ ಮುಂದೆ ಓದಿ.

ಇದು ಟಚ್‌ಪ್ಯಾಡ್ ತೊಂದರೆ ಅಲ್ಲ, ಬ್ಯಾಟರಿ ಊದಿಕೊಂಡಿರುವ ಲಕ್ಷಣ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಇರುವುದೇ ನಾವು ಅಂಗೈ ಊರುವ ಜಾಗದ ಕೆಳಗೆ, ಟಚ್‌ಪ್ಯಾಡಿಗೆ ಅಂಟಿದ ಹಾಗೆ. ಅದು ಗಟ್ಟಿ ಡಬ್ಬಿಯಲ್ಲ, ತೆಳು ಹಾಳೆಯ ಚೀಲ. ವಯಸ್ಸಾದಂತೆ ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ. ಸದಾ 100 ಪರ್ಸೆಂಟ್ ಚಾರ್ಜಿನಲ್ಲಿ, ಬಿಸಿಯಲ್ಲಿ ಇಟ್ಟರೆ ಬೇಗ ಆಗುತ್ತದೆ. ಚೀಲ ಪೂರಿಯ ಹಾಗೆ ಉಬ್ಬಿ ಟಚ್‌ಪ್ಯಾಡನ್ನು ಕೆಳಗಿನಿಂದ ಎತ್ತುತ್ತದೆ. ಕ್ಲಿಕ್ ಆಗಲು ಕೆಳಗೆ ಜಾಗವೇ ಇರುವುದಿಲ್ಲ, ಅದಕ್ಕೇ ಟಕ್ ಶಬ್ದ ನಿಂತಿದೆ.

ಮುಚ್ಚಿದ ಲ್ಯಾಪ್‌ಟಾಪನ್ನು ಸಮತಟ್ಟಾದ ನೆಲದ ಮೇಲಿಡಿ. ತೂಗುಕುರ್ಚಿಯ ಹಾಗೆ ಅಲುಗಾಡುತ್ತದಾ? ಮುಚ್ಚಳ ಪೂರ್ತಿ ಕೂರುತ್ತದಾ? ಕಣ್ಣಲ್ಲಿ ನೋಡಿ ಸಾಕು, ಒತ್ತಿ ನೋಡಬೇಡಿ. ಒಳಗಿನ ಪದರಗಳ ನಡುವಿನ ತೆಳು ಹಾಳೆ ಹರಿದರೆ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಆ ಹೊಗೆಯೂ ವಿಷ.

ಹಾಸಿಗೆ, ಸೋಫಾ, ಪುಸ್ತಕದ ಬೀರು ಬೇಡ. ಸಿಮೆಂಟ್ ನೆಲ ಅಥವಾ ಕಡಪ ಕಲ್ಲಿನ ಮೇಲೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನಾಳೆ ಬೆಳಗ್ಗೆ ರಿಪೇರಿಗೆ ಒಯ್ಯಿರಿ. ಫೈಲ್ ಕಾಪಿ ಮಾಡಿಕೊಳ್ಳೋಣ ಅಂತ ಮತ್ತೆ ಆನ್ ಮಾಡಬೇಡಿ, ಫೈಲ್ ಎಲ್ಲೂ ಹೋಗುವುದಿಲ್ಲ. ಮಗಳು ಅದನ್ನು ಹಾಸಿಗೆ ಮೇಲೆ ಚಾರ್ಜಿಗೆ ಹಾಕಿ ಮಲಗುತ್ತಾಳಾ?

ಹಾಸನದ ಟೀಚರ್: ಹೌದು ಸರ್, ದಿನಾ. ಶಟ್‌ಡೌನ್ ಮಾಡಿ ವರಾಂಡದ ಕಲ್ಲಿನ ಮೇಲೆ ಇಟ್ಟೆ. ಮುಚ್ಚಳ ಒಂದು ಕಡೆ ಕೂರುತ್ತಿಲ್ಲ. ಕೈ ನಡುಗುತ್ತಿದೆ.

ರಿಪೇರಿಯವರು: ಗಾಬರಿ ಬೇಡ. ಸರಿಯಾಗಿಯೇ ಮಾಡಿದ್ದೀರಿ. ಇನ್ನು ಅದನ್ನು ಮುಟ್ಟಬೇಡಿ.

ಶಿವಮೊಗ್ಗದವರು: ಊದಿದ ಬ್ಯಾಟರಿಯನ್ನು ಫ್ರಿಜ್‌ನಲ್ಲಿ ಒಂದು ದಿನ ಇಟ್ಟರೆ ಇಳಿಯುತ್ತದೆ. ಸೂಜಿಯಿಂದ ಚುಚ್ಚಿ ಗ್ಯಾಸ್ ಬಿಟ್ಟರೂ ಆಗುತ್ತದೆ. ವಿಡಿಯೋ ಇದೆ, ಹಾಕಲಾ?

ರಿಪೇರಿಯವರು: ಹಾಕಬೇಡಿ. ಸೂಜಿ ಚುಚ್ಚಿದವರ ಕೈ, ಮುಖ ಸುಡುತ್ತದೆ. ಫ್ರಿಜ್‌ನಲ್ಲಿಟ್ಟರೂ ಹಾಳಾದದ್ದು ಹಾಳಾದದ್ದೇ. ಒಬ್ಬ ತಾಯಿ ಇಲ್ಲಿ ಹೆದರಿ ಕೂತಿದ್ದಾರೆ, ಇಂಥದ್ದನ್ನು ಬರೆಯುವ ಮೊದಲು ಯೋಚನೆ ಮಾಡಿ.

ಕುಂದಾಪುರದವರು: ಚಾರ್ಜಿಗೆ ಹಾಕಿದಾಗ ಮಾತ್ರ ಕರ್ಸರ್ ತಾನೇ ಕುಣಿಯುತ್ತದೆ. ಚಾರ್ಜರ್ ತೆಗೆದರೆ ಸರಿ. ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಸಣ್ಣಗೆ ಜುಂ ಅನ್ನುತ್ತದೆ.

ರಿಪೇರಿಯವರು: ಅರ್ತಿಂಗ್ ಇಲ್ಲ, ಇಲ್ಲವೇ ಚಾರ್ಜರ್ ಡೂಪ್ಲಿಕೇಟ್. ಟಚ್‌ಪ್ಯಾಡ್ ಬೆರಳಿನ ಸಣ್ಣ ವಿದ್ಯುತ್ ಬದಲಾವಣೆ ಹಿಡಿದು ಕೆಲಸ ಮಾಡುತ್ತದೆ. ಚಾರ್ಜರಿನಿಂದ ಸೋರಿದ ಕರೆಂಟು ಅದನ್ನೇ ಗೊಂದಲ ಮಾಡುತ್ತದೆ. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್‌ನಲ್ಲಿ ಹಾಕಿ ನೋಡಿ.

ಬಳ್ಳಾರಿಯವರು: ನಾನು ಅರ್ತ್ ಪಿನ್ ಕತ್ತರಿಸಿ ಎರಡು ಪಿನ್ ಬೋರ್ಡಿಗೆ ಹಾಕಿದ್ದೇನೆ. ಆರು ವರ್ಷದಿಂದ ಏನೂ ಆಗಿಲ್ಲ. ಸುಮ್ನೆ ಹೆದರಿಸುತ್ತಾರೆ.

ವೈರಿಂಗ್ ಕೆಲಸದವರು: ಆ ದಪ್ಪ ಪಿನ್ ಅಲಂಕಾರಕ್ಕೆ ಇಟ್ಟಿದ್ದಲ್ಲ ಸ್ವಾಮಿ. ಆಗುವವರೆಗೂ ಏನೂ ಆಗಿರುವುದಿಲ್ಲ.

ಬಳ್ಳಾರಿಯವರು: ನಮ್ಮದು ಹಳೇ ಮನೆ. ಅರ್ತಿಂಗ್ ಹಾಕಿಸಲು ನೀವು ದುಡ್ಡು ಕೊಡುತ್ತೀರಾ?

ವೈರಿಂಗ್ ಕೆಲಸದವರು: ಮನೆಯಲ್ಲಿ ಫ್ರಿಜ್, ಗೀಸರ್ ಇದೆಯಲ್ಲ? ಅದಕ್ಕೂ ಪಿನ್ ಕತ್ತರಿಸಿದ್ದೀರಾ? ಮನೆಯವರ ಜೀವದ ಪ್ರಶ್ನೆ ಇದು.

ಬಳ್ಳಾರಿಯವರು: ನಿಮಗೆ ಗಿರಾಕಿ ಬೇಕು, ಅದಕ್ಕೆ ಈ ಮಾತು.

ರಿಪೇರಿಯವರು: ಇಬ್ಬರೂ ನಿಲ್ಲಿಸಿ. ಅರ್ತ್ ಪಿನ್ ಕತ್ತರಿಸಬಾರದು, ಅಷ್ಟೇ.

ಧಾರವಾಡದವರು: ವೈರ್‌ಲೆಸ್ ಮೌಸ್ ತಡೆತಡೆದು ಓಡತೈತ್ರಿ. ಸೆಲ್ ಬದಲಿಸೀನಿ. ಪಕ್ಕದಾಗ ಹಾರ್ಡ್ ಡಿಸ್ಕ್ ಹಾಕಿದಾಗ ಜಾಸ್ತಿ.

ರಿಪೇರಿಯವರು: ನೀವೇ ಉತ್ತರ ಹಿಡಿದಿದ್ದೀರಿ. ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹೊರಡಿಸುವ ವಿದ್ಯುತ್ ಗದ್ದಲ, ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡ ಬರುತ್ತದೆ. ಮೌಸಿನ ಜೊತೆ ಬರುವ ಪುಟ್ಟ ರಿಸೀವರನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ.

ಧಾರವಾಡದವರು: ಆತ್ರಿ, ಈಗ ಬೆಣ್ಣೆಯಂಗ ಓಡಾಕತ್ತೈತಿ.

ಕೋಲಾರದವರು: ಲಿನಕ್ಸ್ ಹಾಕಿದ ಮೇಲೆ ಎರಡು ಬೆರಳಿನ ಸ್ಕ್ರೋಲ್ ಬರುತ್ತಿಲ್ಲ. ಪರಿಹಾರ ಇದೆಯಾ?

ದಾವಣಗೆರೆಯವರು: ಸರ್, ನನ್ನದು ಇನ್ನೂ ಕೆಲಸ ಮಾಡುತ್ತಿಲ್ಲ. ಯಾರೂ ಉತ್ತರ ಕೊಡುತ್ತಿಲ್ಲ.

ರಿಪೇರಿಯವರು: ಎಷ್ಟು ವರ್ಷದ್ದು, ಏನು ಮಾಡಿ ನೋಡಿದಿರಿ ಅಂತ ಇನ್ನೂ ಬರೆದಿಲ್ಲ.

ಹಾಸನದ ಟೀಚರ್ (ಸೋಮವಾರ ಮಧ್ಯಾಹ್ನ): ಸರ್, ಅಂಗಡಿಯಲ್ಲಿ ಬಿಚ್ಚಿದರು. ನೀವು ಹೇಳಿದ ಹಾಗೇ ಪೂರಿಯಂತೆ ಉಬ್ಬಿತ್ತು. ತೆಗೆದ ತಕ್ಷಣ ಟಚ್‌ಪ್ಯಾಡ್ ತಾನೇ ಕೂತು ಟಕ್ ಅಂತು. ಹೊಸ ಬ್ಯಾಟರಿ ಹಾಕಿಸಿದೆ. ಹಳೆಯದನ್ನು ಕವರಿಗೆ ಹಾಕಿ ಕೊಟ್ಟರು, ಮನೆಗೆ ತಂದಿದ್ದೇನೆ. ಕಸದ ಗಾಡಿಗೆ ಹಾಕಲಾ?

ರಿಪೇರಿಯವರು: ಬೇಡ ಮೇಡಂ! ಕಸದ ಗಾಡಿಯಲ್ಲಿ ಒತ್ತಿದಾಗ ಅದು ಹತ್ತಿಕೊಂಡರೆ ಪಾಪ ಪೌರಕಾರ್ಮಿಕರು ಅಲ್ಲೇ ಇರುತ್ತಾರೆ. ಒಣ ಮರಳು ತುಂಬಿದ ಮಣ್ಣಿನ ಕುಂಡದಲ್ಲಿಟ್ಟು, ಮನೆ ಹೊರಗೆ, ಬಿಸಿಲು ಮಳೆ ಬೀಳದ ಕಡೆ ಇಡಿ. ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು, 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲೇ ಇದೆ. ಕಂಪನಿಯ ಸರ್ವಿಸ್ ಸೆಂಟರ್ ಅಥವಾ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಫೋನ್ ಮಾಡಿ, ಊದಿದ ಬ್ಯಾಟರಿ ಅಂತ ಮೊದಲೇ ಹೇಳಿ, ಹೇಗೆ ತರಬೇಕು ಅಂತ ಕೇಳಿಕೊಂಡು ಒಯ್ಯಿರಿ. ಹೊಸದಕ್ಕೆ 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಇವತ್ತೇ ಆನ್ ಮಾಡಿಕೊಡಿ.

ಹಾಸನದ ಟೀಚರ್: ಕುಂಡದಲ್ಲಿಟ್ಟೆ ಸರ್. ಮಗಳ ಚಾರ್ಜರ್ ಇನ್ನು ರಾತ್ರಿ ನನ್ನ ಹತ್ತಿರವೇ ಇರುತ್ತದೆ.