ಅಮ್ಮನ ಸ್ಕ್ಯಾನ್ ಸಿಡಿ ತೆರೆಯುತ್ತಿಲ್ಲ. ಕ್ಲೌಡ್‌ಗೆ ಹಾಕಬಹುದಾ?

ಹಾಸನದವನು: ಅಮ್ಮನಿಗೆ ಸ್ತನ ಕ್ಯಾನ್ಸರ್. ಸಿಟಿ ಸ್ಕ್ಯಾನ್ ಸಿಡಿ ಹಿಡಿದು ಬೆಳಗಿನ ಜಾವದ ಬಸ್ಸಿಗೆ ಬೆಂಗಳೂರಿಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಅದು ತೆರೆಯಲೇ ಇಲ್ಲ. ಮತ್ತೆ ಮಾಡಿಸಿ ಅಂದರು. ಫಿಲ್ಮಿನ ಫೋಟೋ ವಾಟ್ಸಾಪ್‌ನಲ್ಲಿತ್ತು, ಡಾಕ್ಟರು ಅದನ್ನು ನೋಡಲೂ ಇಲ್ಲ. ಕ್ಲೌಡ್‌ನಲ್ಲಿ ಇಟ್ಟರೆ ನಡೆಯುತ್ತದಾ?

ಸ್ಕ್ಯಾನ್ ಟೆಕ್ನಿಷಿಯನ್: ನಡೆಯುತ್ತದೆ. ಫೋಟೋ ಸುಮ್ನೆ ದಂಡ, ಅದರಲ್ಲಿ ಗಡ್ಡೆಯ ಅಳತೆ ಸರಿಯಾಗಿ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಕಡೆಯೇ ಕೇಳಿ, ಈಗ ಕೆಲವರು ಕ್ಲೌಡ್ ಲಿಂಕ್ ಕೊಡುತ್ತಾರೆ. ಇಲ್ಲದಿದ್ದರೆ ಸಿಡಿಯಲ್ಲಿರುವ ಇಡೀ ಡೈಕಾಮ್ ಫೋಲ್ಡರ್ (ಸ್ಕ್ಯಾನಿನ ಮೂಲ ಚಿತ್ರಗಳ ಫೈಲುಗಳು) ಜಿಪ್ ಮಾಡಿ ಡ್ರೈವ್‌ಗೆ ಹಾಕಿ. ಲಿಂಕು ಡಾಕ್ಟರಿಗೆ ಮಾತ್ರ ಕೊಡಿ. ಫೈಲಿನೊಳಗೇ ಅಮ್ಮನ ಹೆಸರು, ವಯಸ್ಸು ಇರುತ್ತದೆ, ಅಲ್ವಾ? ಬಯಾಪ್ಸಿಯ ಮೇಣದ ಬ್ಲಾಕ್, ಅಂದರೆ ಗಡ್ಡೆಯಿಂದ ತೆಗೆದು ಮೇಣದಲ್ಲಿ ಇಟ್ಟ ತುಣುಕು, ಕೇಳಿದರೆ ಮಾತ್ರ ಬಸ್ಸೇ ಗತಿ!

ಲ್ಯಾಬ್ ಹುಡುಗಿ: ನಮ್ಮ ಸಂಶೋಧನೆಯಲ್ಲೂ ಇದೇ ಪಾಡು. ಅಮೆರಿಕದ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಯೋಜನೆ 33 ಬಗೆಯ ಕ್ಯಾನ್ಸರಿನ ಜೀನ್ ಮಾಹಿತಿ ಕೂಡಿಸಿತು. 2.5 ಪೆಟಾಬೈಟಿಗಿಂತ ಜಾಸ್ತಿ, ಅಂದರೆ ಸುಮಾರು 25 ಲಕ್ಷ ಜಿಬಿ. ನಮ್ಮ ನೆಟ್ಟಿನಲ್ಲಿ ಇಳಿಸುವ ಮಾತೇ ಇಲ್ಲ. ಅದಕ್ಕೇ ಮಾಹಿತಿ ಕ್ಲೌಡ್‌ನಲ್ಲೇ ಇರುತ್ತದೆ, ನಮ್ಮ ಪ್ರೋಗ್ರಾಮ್ ಅಲ್ಲಿಗೆ ಹೋಗಿ ಓಡುತ್ತದೆ. ಗಂಟೆಗೆ ಬಾಡಿಗೆ. ಒಮ್ಮೆ ಆಫ್ ಮಾಡಲು ಮರೆತು ಗೈಡ್ ಹತ್ತಿರ ಬೈಸಿಕೊಂಡೆ.

ಹಾಸನದವನು: ಲಿಂಕು ಸಿಕ್ಕಿತು ಸಾರ್. ಗುರುವಾರ ತೋರಿಸುತ್ತೇವೆ. ಸಿಡಿಯೂ ಜೊತೆಗಿರಲಿ ಅಂತ ಅಮ್ಮ ಬ್ಯಾಗಿಗೆ ಹಾಕಿಕೊಂಡಿದ್ದಾರೆ.