ಅಪ್‌ಡೇಟ್: ಸಿಂಗಲ್ ಫೇಸ್ ಮನೆಯಲ್ಲಿ ತ್ರೀ ಫೇಸ್ ಲೇತ್

ಸೋಮವಾರಪೇಟೆಯ ನಮ್ಮ ಶೆಡ್ಡಿಗೆ ಸಿಂಗಲ್ ಫೇಸ್ ಕರೆಂಟ್ ಮಾತ್ರ ಇರುವಾಗ, 1 ಎಚ್‌ಪಿ ತ್ರೀ ಫೇಸ್ ಮೋಟಾರಿನ ಹಳೆಯ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ಕೊಳ್ಳಬಹುದೇ ಎಂದು ಹಿಂದೆ ಕೇಳಿದ್ದೆ. ಕೊಂಡಾಯಿತು, ಹಿರಿಯರೊಬ್ಬರು ಸೂಚಿಸಿದಂತೆ ವಿಎಫ್‌ಡಿ (ಸಿಂಗಲ್ ಫೇಸ್ ಕರೆಂಟನ್ನು ತ್ರೀ ಫೇಸ್ ಮಾಡಿ ಮೋಟಾರಿಗೆ ಕೊಡುವ ಸಾಧನ) ಮೂಲಕ ಓಡುತ್ತಿದೆ. 230 ವೋಲ್ಟ್ ಪಡೆಯುವ ಸಾಮಾನ್ಯ ವಿಎಫ್‌ಡಿ ಮೋಟಾರಿಗೆ ಬೇಕಾದ 415 ವೋಲ್ಟ್ ಕೊಡಲಾರದಾದ್ದರಿಂದ, ಮೋಟಾರಿನ ಟರ್ಮಿನಲ್ ಬಾಕ್ಸ್ ತೆರೆದು, 415 ವೋಲ್ಟಿಗೆ ಹೊಂದುವ ಸ್ಟಾರ್ ಜೋಡಣೆಯ ಪಟ್ಟಿಗಳನ್ನು ಬಿಚ್ಚಿ, 230 ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆಗೆ ಬದಲಿಸಿದ ಮೇಲೆಯೇ ಪೂರ್ತಿ ಬಲ ಬಂತು. ಹಾಗೆ ಬದಲಿಸಲು ವೈಂಡಿಂಗಿನ (ಒಳಗಿನ ತಂತಿ ಸುರುಳಿಗಳ) ಆರೂ ತುದಿಗಳು ಹೊರಗೇ ಇದ್ದುದು ನಮ್ಮ ಪುಣ್ಯ.

ಲೋಹ ಕತ್ತರಿಸುವ ಟೂಲಿಗೆ ಸದ್ಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಗಟ್ಟಿ ಉಕ್ಕು) ಸಾಕೆನಿಸಿದೆ: ಬೆಂಚ್ ಗ್ರೈಂಡರಿನಲ್ಲಿ ನಾನೇ ಸಾಣೆ ಹಿಡಿಯಬಹುದು, ಹಗುರವಾದ ಲೇತಿಗೆ ಅದರ ಹರಿತವಾದ ಅಂಚೇ ಹೆಚ್ಚು ಒಗ್ಗುತ್ತದೆ. ಇಲ್ಲಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ತೇವ ಕಟ್ಟಿಕೊಂಡು ತುಕ್ಕು ಹಿಡಿಯುತ್ತದೆಂದು, ಬೆಡ್ಡಿಗೆ (ಲೇತಿನ ತಳದ ಹಳಿಗಳಿಗೆ) ಎಣ್ಣೆ ಸವರಿ ಬಟ್ಟೆಯನ್ನಷ್ಟೇ ಹೊದಿಸುತ್ತಿದ್ದೇನೆ.